ಕಲ್ಯಾಣದ ಕಡೆಯ ಮೆಟ್ಟಿಲು

ಯಾರಾದರೂ ಇಂಥದ್ದನ್ನು ಹೇಳಿದರೆ ನಾನು ಮೊದಲು ಅವರ ಊಟ, ನಿದ್ದೆ ವಿಚಾರಿಸುತ್ತಿದ್ದೆ. ಹೊಟ್ಟೆ ಕೆಟ್ಟವರಿಗೆ, ನಿದ್ದೆಗೆಟ್ಟವರಿಗೆ ಮಾತ್ರ ವಿಚಿತ್ರಗಳು ಕಾಣುತ್ತವೆ ಎಂದು ನಗುತ್ತಿದ್ದೆ. ಈಗ ನಗುವುದಿಲ್ಲ. ನಡೆದದ್ದನ್ನು ನಡೆದಂತೆ ಬರೆಯುತ್ತೇನೆ. ನಂಬಲೇಬೇಕೆಂದು ನಿಮ್ಮನ್ನು ಒತ್ತಾಯಿಸುವುದಿಲ್ಲ.

ನಾವು ಧಾರವಾಡದಿಂದ ಬಂದು ಡೊಂಬಿವಲಿಯಲ್ಲಿ ಮನೆ ಹೂಡಿದಾಗ ಸ್ಟೇಷನ್ ಚಿಕ್ಕದಿತ್ತು. ಪ್ಲಾಟ್‌ಫಾರ್ಮಿನ ತುದಿಗೆ ಸೂರು ಕೂಡ ಇರಲಿಲ್ಲ. ಹಳಿ ದಾಟುವ ಸೇತುವೆಯಿಂದ ಇಳಿಯಲು, ಮುಂದಿನ ದೊಡ್ಡ ಸ್ಟೇಷನ್ನಾದ ಕಲ್ಯಾಣದ ಕಡೆ, ಇಕ್ಕಟ್ಟಾದ ಕಲ್ಲಿನ ಮೆಟ್ಟಿಲು, ಹಿಡಿದುಕೊಳ್ಳಲು ಕಬ್ಬಿಣದ ಕಂಬಿ. ನಡುವಿನ ಒಂದು ಮೆಟ್ಟಿಲು ಸವೆದು ತಗ್ಗು ಬಿದ್ದಿತ್ತು. ದಿನಾ ಓಡಾಡುವವರ ಕಾಲು ಅದನ್ನು ತಾನಾಗಿಯೇ ದಾಟಿಬಿಡುತ್ತಿತ್ತು.

ನನ್ನ ಹೆಂಡತಿ ಲೀಲಾ ಠಾಣೆ ಊರಿನಲ್ಲಿ ಕೆಲಸಕ್ಕಿದ್ದಳು. ಸಂಜೆ ನಾನು ಆಫೀಸಿನಿಂದ ಬರುವ ಗಾಡಿಯನ್ನೇ ಅಲ್ಲಿ ಹತ್ತುವಳು, ಆದರೆ ಲೇಡೀಸ್ ಡಬ್ಬಿಗೆ. ನಾನು ಜನರಲ್‌ನಲ್ಲಿ. ಇಳಿದ ಮೇಲೆ ಗದ್ದಲದಲ್ಲಿ ಒಬ್ಬರನ್ನೊಬ್ಬರು ಹುಡುಕಬಾರದು, ಮೊದಲು ಬಂದವರು ಆ ಮೆಟ್ಟಿಲ ಕೆಳಗೆ ನಿಂತು ಕಾಯಬೇಕು. ಈ ನಿಯಮ ನಾನು ಮಾಡಿದ್ದು. ಲೋಕಲ್ ಗಾಡಿಯಲ್ಲಿ ಸಂಸಾರ ಸಾಗಿಸಿದವರಿಗೆಲ್ಲ ಇಂಥದೊಂದು ಜಾಗ ಇರುತ್ತದೆ.

ನಾವು ನಿವೃತ್ತರಾದ ಮೇಲೆ ಪ್ಲಾಟ್‌ಫಾರ್ಮ್ ಅಗಲವಾಯಿತು, ಎಸ್ಕಲೇಟರ್ ಬಂತು, ಹಳೆಯ ಮೆಟ್ಟಿಲನ್ನು ಒಡೆದು ತೆಗೆದರು. ಇತ್ತ ಲೀಲಾಳ ನೆನಪೂ ಸ್ವಲ್ಪ ಸ್ವಲ್ಪವಾಗಿ ಸವೆಯತೊಡಗಿತು.

ಅಂದು ನೆರೂಳದ ಮಗಳ ಮನೆಯಿಂದ ವಾಪಸಾಗುತ್ತಿದ್ದೆವು. ಠಾಣೆಯಲ್ಲಿ ಗಾಡಿ ಬದಲಿಸುವಾಗ ನೂಕಿನಲ್ಲಿ ಅವಳ ಕೈ ಜಾರಿತು. ನಾನು ತಿರುಗಿ ನೋಡುವಷ್ಟರಲ್ಲಿ ಅವಳು ಹಳೆಯ ರೂಢಿಯಂತೆ ಸರಸರನೆ ಲೇಡೀಸ್ ಡಬ್ಬಿಗೆ ಹತ್ತಿದ್ದಳು. ನಾನು ಪಕ್ಕದ ಡಬ್ಬಿಗೆ ನುಗ್ಗಿದೆ. ಅವಳ ಮೊಬೈಲ್ ನನ್ನ ಚೀಲದಲ್ಲಿತ್ತು.

ಡೊಂಬಿವಲಿಯಲ್ಲಿ ಇಳಿದು ಓಡಿದೆ. ಲೇಡೀಸ್ ಡಬ್ಬಿಯಿಂದ ಇಳಿದವರಲ್ಲಿ ಅವಳು ಕಾಣಲಿಲ್ಲ, ಗಾಡಿ ಹೊರಟೇಹೋಯಿತು. ಇಳಿದಳೋ, ಕಲ್ಯಾಣಕ್ಕೆ ಹೋದಳೋ? ಯಾರಾದರೂ ವಿಳಾಸ ಕೇಳಿದರೆ ಧಾರವಾಡದ ತವರುಮನೆಯದನ್ನು ಹೇಳುತ್ತಾಳೆ. ಮೆಟ್ಟಿಲು ಇದ್ದ ಜಾಗಕ್ಕೆ ಹೋದೆ. ಅಲ್ಲಿ ಸ್ಟೀಲಿನ ಬೆಂಚು, ಬೆಂಚಿನ ಮೇಲೆ ಮೊಬೈಲಿನಲ್ಲಿ ಮಾತನಾಡುತ್ತ ಕೂತ ಒಬ್ಬ ಹುಡುಗಿ. ಅಷ್ಟೆ. ಮಹಿಳಾ ಪೊಲೀಸ್ ಒಬ್ಬಳು, "ಕಾಕಾ, ಘಾಬರೂ ನಕಾ. ಫೋಟೋ ಆಹೇ ಕಾ?" ಎಂದು ಗಾಬರಿಯಾಗದಂತೆ ಹೇಳಿ, ಲೀಲಾಳ ಫೋಟೋ ಕೇಳಿ ನೋಡಿ, ಕಲ್ಯಾಣಕ್ಕೆ ಫೋನ್ ಹಚ್ಚಿದಳು. ನಾನು ಇನ್ನೊಮ್ಮೆ ಬೆಂಚಿನ ತನಕ ಹೋಗಿಬಂದು, ಮೇಲಿನಿಂದ ಕಂಡಾಳೆಂದು ಸೇತುವೆ ಹತ್ತಿದೆ. ಕೆಳಗೆ ಬರೀ ತಲೆಗಳು. ಮನೆಯಲ್ಲಿ ಕಾಯುತ್ತಿರುವ ಮಗನಿಗೆ ಏನೆಂದು ಹೇಳುವುದು ಎಂದು ಯೋಚಿಸುತ್ತ ತಿರುಗಿ ಇಳಿಯತೊಡಗಿದೆ.

ಇಳಿಯುವಾಗ ಏನೂ ವಿಶೇಷ ಅನ್ನಿಸಲಿಲ್ಲ. ಅಂಗೈಗೆ ಕಂಬಿ ಒರಟಾಗಿ, ತಣ್ಣಗೆ ತಾಗುತ್ತಿತ್ತು. ನಡುವೆ ಕಾಲು ತಾನಾಗಿಯೇ ಒಂದು ಮೆಟ್ಟಿಲನ್ನು ದಾಟಿತು. ಕೆಳಗೆ ಲೀಲಾ ಪರ್ಸನ್ನು ಎದೆಗೆ ಅವಚಿಕೊಂಡು ನಿಂತಿದ್ದಳು.

"ಎಷ್ಟೊತ್ತರೀ? ನಿಯಮ ಮಾಡಿದವರೂ ನೀವು, ಲೇಟ್ ಬರೋರೂ ನೀವು. ಆವಾಗಿಂದ ಇಲ್ಲೇ ನಿಂತೀನಿ."

"ನಾ ಇಲ್ಲಿ ಬಂದು ಹುಡುಕಿದ್ನಲ್ಲ, ಲೀಲಾ."

"ಹುಡುಕಬ್ಯಾಡ ಅಂತ ಹೇಳಿದವರು ಯಾರು ಮತ್ತ?"

ನನಗೆ ಅಳು, ನಗು ಎರಡೂ ಬಂದವು. ಅವಳ ಮೊಣಕಾಲಿಗೆ ಹತ್ತುವುದಾಗದೆಂದು ಎಸ್ಕಲೇಟರ್ ಕಡೆ ನಡೆಸಿಕೊಂಡು ಹೋದೆ. ಇಬ್ಬರೂ ಹಿಂತಿರುಗಿ ನೋಡಲಿಲ್ಲ. ಪೊಲೀಸಿನವಳು ದೂರದಿಂದಲೇ ಕೈಯೆತ್ತಿ, "ಆಜಿ ಭೇಟಲ್ಯಾ?" ಎಂದು, ಅಜ್ಜಿ ಸಿಕ್ಕರೇ ಎಂಬಂತೆ ನಕ್ಕಳು.

ಮನೆಗೆ ಬಂದು ಕೈ ತೊಳೆದಾಗ ನೀರು ಕಂದಾಗಿ ಹರಿಯಿತು. ಬಲ ಅಂಗೈ ತುಂಬ ತುಕ್ಕು. ಆಗ ನೆನಪಾಯಿತು. ಈಗ ಆ ಸ್ಟೇಷನ್ನಿನಲ್ಲಿ ನಾನು ಹಿಡಿಯುವ ಕಂಬಿಗಳೆಲ್ಲ ನುಣುಪಾದ ಸ್ಟೀಲಿನವು.

ಮರುದಿನ ಬೆಳಿಗ್ಗೆ ವಾಕಿಂಗ್ ಬಿಟ್ಟು ಸ್ಟೇಷನ್ನಿಗೆ ಹೋದೆ. ಸೇತುವೆಯ ಮೇಲೆ ಹಳೆಯ ಮೆಟ್ಟಿಲು ಶುರುವಾಗುತ್ತಿದ್ದ ಕಡೆ ತಗಡು ಬಡಿದು ಮುಚ್ಚಿದ್ದಾರೆ. ಕೆಳಗೆ ಅದೇ ಬೆಂಚು. ಈಗಿರುವ ಮೆಟ್ಟಿಲುಗಳನ್ನೆಲ್ಲ ಇಳಿದು ನೋಡಿದೆ. ಯಾವುದೂ ಆ ಬೆಂಚಿನ ಹತ್ತಿರ ಇಳಿಸುವುದಿಲ್ಲ, ಯಾವುದರಲ್ಲೂ ಸವೆದ ಕಲ್ಲಿಲ್ಲ. ಗಾಬರಿಯಲ್ಲಿ ಬೇರೆ ಮೆಟ್ಟಿಲಿಳಿದು, ಬೇರೆಲ್ಲೋ ಅವಳನ್ನು ಕಂಡಿರಬಹುದು ಎಂದು ನನಗೆ ನಾನೇ ಹೇಳಿಕೊಂಡಿದ್ದೇನೆ. ತುಕ್ಕಿಗೆ ಮಾತ್ರ ಉತ್ತರ ಸಿಕ್ಕಿಲ್ಲ. "ಪಪ್ಪಾ, ಬಿ.ಪಿ. ಚೆಕ್ ಮಾಡಿಸಿ" ಎಂದ ಮಗ. ಮಾಡಿಸಿದೆ. ಸರಿಯಾಗಿಯೇ ಇತ್ತು.

ಈಗ ಹೊರಗೆ ಹೊರಡುವ ಮೊದಲು, ಕೈ ತಪ್ಪಿದರೆ ಎಲ್ಲಿ ನಿಲ್ಲಬೇಕೆಂದು ಮಗ ಅವಳನ್ನು ಕೇಳುತ್ತಾನೆ. ಟಿಕೆಟ್ ಖಿಡಕಿಯ ಹತ್ತಿರ ಎಂದು ಎಷ್ಟೋ ಸಲ ಹೇಳಿಕೊಟ್ಟಿದ್ದಾನೆ. ಅವಳು "ಮೆಟ್ಟಿಲ ಕೆಳಗ" ಅನ್ನುತ್ತಾಳೆ. ಮಗ ತಿದ್ದುತ್ತಾನೆ. ನಾನು ತಿದ್ದುವುದಿಲ್ಲ. ಆದರೆ ಠಾಣೆಯಲ್ಲಾಗಲಿ ಡೊಂಬಿವಲಿಯಲ್ಲಾಗಲಿ ಅವಳ ಕೈ ಬಿಡುವುದೂ ಇಲ್ಲ. ಆ ಮೆಟ್ಟಿಲು ಇನ್ನೊಮ್ಮೆ ನನಗೆ ಸಿಕ್ಕೀತೆಂಬ ಧೈರ್ಯವಿಲ್ಲ.