ಬಣ್ಣದ ಮೇಲೆ ಬಿಗಿದ ಬೋಲ್ಟು

ಮಾದನ ಕೆಲಸ ಹೋದದ್ದು ನನ್ನ ಮಾತಿನಿಂದ. ಆ ಮಾತು ಸುಳ್ಳು. ಆಡುವಾಗ ಸುಳ್ಳೆಂದು ಗೊತ್ತಿರಲಿಲ್ಲ — ಎರಡೇ ವಾರದಲ್ಲಿ ಗೊತ್ತಾಯಿತು. ಗೊತ್ತಾದ ಮೇಲೂ ನಾನು ಬಾಯಿ ಬಿಡಲಿಲ್ಲ.

ತೊಂಬತ್ತರ ದಶಕ ಮುಗಿಯುತ್ತಿದ್ದ ಕಾಲ. ಊಟಿ ಬೆಟ್ಟದ ಕೆಳಗಿನ ಮಸಿನಗುಡಿಯಲ್ಲಿ ನನ್ನದೊಂದು ವರ್ಕ್‌ಶಾಪ್ ಇತ್ತು. ಪಕ್ಕದ ಬೊಕ್ಕಾಪುರಂನ ಒಂದು ಸಣ್ಣ ರೆಸಾರ್ಟಿನ ಡೀಸೆಲ್ ಜೀಪು ರಿಪೇರಿಗೆ ನನ್ನಲ್ಲಿಗೇ ಬರುತ್ತಿತ್ತು. ಮಾದ ಅದರ ಡ್ರೈವರ್. ಇರುಳ ಬುಡಕಟ್ಟಿನ ಹಾಡಿಯವನು, ಆ ಹಾಡಿಯಲ್ಲಿ ಲೈಸೆನ್ಸ್ ಪಡೆದ ಮೊದಲಿಗ.

ಒಮ್ಮೆ ಕ್ಲಚ್ ಕೆಲಸಕ್ಕೆಂದು ಆ ಜೀಪನ್ನು ಬಿಚ್ಚಿ ಜೋಡಿಸಿದೆ. ಆಮೇಲೆ ಶುರುವಾಯಿತು ಅದರ ಹಟ. ಕೆಲವು ಸಲ ಕೀಲಿ ತಿರುಗಿಸಿದರೆ ‘ಟಿಕ್’ ಎಂಬ ಸದ್ದು, ಅಷ್ಟೇ. ನಾಲ್ಕು ಜನ ತಳ್ಳಬೇಕು. ನನ್ನಲ್ಲಿಗೆ ತಂದರೆ ಮಾತ್ರ ಮೊದಲ ಕೀಲಿಗೇ ಸ್ಟಾರ್ಟ್. ಹೊಸ ಬ್ಯಾಟರಿ ಹಾಕಿದೆ, ಟರ್ಮಿನಲ್ ಉಜ್ಜಿದೆ, ಸೆಲ್ಫ್ ಮೋಟರ್ ಬಿಚ್ಚಿ ನೋಡಿದೆ. ಮತ್ತೆ ಅದೇ ದೂರು.

ಒಂದು ದಿನ ಮಾದ ಹತ್ತಿರ ಬಂದು ಮೆಲ್ಲಗೆ ಹೇಳಿದ: “ಅಣ್ಣಾ, ಇಂಜಿನ್ ಆಫ್ ಮಾಡೋಕೆ ಎಳೀತೀವಲ್ಲ, ಆ ಕೇಬಲ್ಲು... ವಂಡಿ ಸ್ಟಾರ್ಟ್ ಆಗದೇ ಇರೋವಾಗ ಅದು ಸುಡುತ್ತೆ. ಕೈ ಇಟ್ಟು ನೋಡಿದೀನಿ.”

ನಕ್ಕುಬಿಟ್ಟೆ. “ಕರೆಂಟಿಗೂ ಆ ಕೇಬಲ್ಲಿಗೂ ಏನೋ ಸಂಬಂಧ? ನಂಗೇ ಪಾಠ ಹೇಳ್ಕೊಡ್ತೀಯಾ?”

ಅವನು ಮತ್ತೆ ಆ ಮಾತೆತ್ತಲಿಲ್ಲ.

ಆಮೇಲೊಂದು ಬೆಳಿಗ್ಗೆ ಕಾಡಿನ ದಾರಿಯಲ್ಲಿ ಆನೆಯೊಂದು ಅಡ್ಡ ನಿಂತಿತ್ತು. ಜೀಪಿನಲ್ಲಿ ಅತಿಥಿಗಳು, ಇಬ್ಬರು ಮಕ್ಕಳು. ಸದ್ದಾಗದಿರಲೆಂದು ಮಾದ ಇಂಜಿನ್ ನಿಲ್ಲಿಸಿದ್ದಾನೆ. ಆನೆ ಜೀಪಿನತ್ತಲೇ ತಿರುಗಿದಾಗ ಕೀಲಿ ತಿರುಗಿಸಿದರೆ — ‘ಟಿಕ್’. ಅವನು ಕೆಳಗಿಳಿದು, ಜೀಪಿನ ಮುಂದೆ ಬರಿಗೈಯಲ್ಲಿ ನಿಂತು, ತನ್ನ ಭಾಷೆಯಲ್ಲಿ ಏನೋ ಹೇಳುತ್ತಲೇ ಇದ್ದನಂತೆ. ಕೊನೆಗೆ ಆನೆ ಕಾಡಿಗೆ ಇಳಿಯಿತು. ಯಾರಿಗೂ ಏನೂ ಆಗಲಿಲ್ಲ.

ಅಂದೇ ಮಧ್ಯಾಹ್ನ ರೆಸಾರ್ಟಿನ ಯಜಮಾನರು ಮಾದನನ್ನು ಕರೆದುಕೊಂಡು ವರ್ಕ್‌ಶಾಪಿಗೆ ಬಂದರು. ಅತಿಥಿಗಳ ಮುಂದೆ ಶೂರನಾಗಲು ಇವನೇ ವೈರ್ ಕೀಳುತ್ತಾನೆಂದು ಅವರಿಗೆ ಅನುಮಾನ. ಎದುರಿನ ಟೀ ಅಂಗಡಿಯವರೆಲ್ಲ ನೋಡುತ್ತಿದ್ದರು. “ನಿಜ ಹೇಳ್ರಿ, ಗಾಡೀಲಿ ಏನಾದ್ರೂ ದೋಷ ಇದೆಯಾ?”

ಗೊತ್ತಾಗ್ತಾ ಇಲ್ಲ ಸಾರ್ — ಇಷ್ಟೇ ಹೇಳಬೇಕಿತ್ತು. ಅದು ನನ್ನ ಬಾಯಿಗೆ ಬರಲಿಲ್ಲ.

“ಗಾಡಿ ಸರಿಯಾಗಿದೆ ಸಾರ್. ನನ್ನ ಕೈಲಿ ಒಂದ್ ಸಲಾನೂ ಕೈಕೊಟ್ಟಿಲ್ಲ. ಓಡಿಸೋರನ್ನ ಕೇಳಿ.”

ಮಾದ ನನ್ನನ್ನು ನೋಡಿದ. ಯಜಮಾನರು ಕೈ ಚಾಚಿದರು. ಅವನು ಕೀಲಿ ಕೊಟ್ಟು ನಡೆದುಹೋದ. ನಾನು ಬೇಡದ ಸ್ಪ್ಯಾನರೊಂದನ್ನು ಹುಡುಕುತ್ತಾ ಬಗ್ಗಿದೆ.

ಎರಡು ವಾರದ ಮೇಲೆ ಕರೆ ಬಂತು. ಹೊಸ ಡ್ರೈವರ್, ಅದೇ ದೂರು. ಬೊಕ್ಕಾಪುರಂಗೆ ಹೋಗಿ ನಾನೇ ಕೀಲಿ ತಿರುಗಿಸಿದೆ — ‘ಟಿಕ್’. ಮತ್ತೆ ತಿರುಗಿಸಿದೆ. ಏಕೋ ಏನೋ, ಇನ್ನೊಂದು ಕೈ ಆ ಕೇಬಲ್ಲಿನ ಮೇಲೆ ಹೋಯಿತು.

ಸುಟ್ಟಿತು! ಕೈ ಹಿಂದೆಳೆದುಕೊಂಡೆ. ಬೆರಳು ಉರಿಯುತ್ತಿತ್ತು. ಮಾದ ಹೇಳಿದ್ದು ನಿಜ — ಅಕ್ಷರಕ್ಷರವೂ ನಿಜ.

ಜೀಪಿನಡಿ ಮಲಗಿ ನೋಡಿದೆ. ಇಂಜಿನ್ನಿನಿಂದ ಚಾಸಿಗೆ, ಅಂದರೆ ಗಾಡಿಯ ಕಬ್ಬಿಣದ ಚೌಕಟ್ಟಿಗೆ, ಬರುವ ಅರ್ತ್ ವೈರ್. ಕ್ಲಚ್ ಕೆಲಸದ ದಿನ, ನೋಡಲು ಚೆಂದವಿರಲೆಂದು ಚಾಸಿಗೆ ಕಪ್ಪು ಬಣ್ಣ ಬಳಿದಿದ್ದವನು ನಾನು. ಆ ಬಣ್ಣ ಕೆರೆಯದೆ ಅದರ ಮೇಲೆಯೇ ಬೋಲ್ಟು ಬಿಗಿದವನೂ ನಾನು. ಒಮ್ಮೆ ತಾಗುತ್ತಿತ್ತು, ಒಮ್ಮೆ ಬಣ್ಣ ಅಡ್ಡವಾಗುತ್ತಿತ್ತು; ಆಗ ಕರೆಂಟು ವಾಪಸು ಹೋಗಲು ದಾರಿ ಸಿಗದೆ ಆ ಸಣ್ಣ ಕೇಬಲ್ಲನ್ನು ಹಿಡಿಯುತ್ತಿತ್ತು, ಕೇಬಲ್ಲು ಸುಡುತ್ತಿತ್ತು, ಸೆಲ್ಫ್ ತಿರುಗುತ್ತಿರಲಿಲ್ಲ. ಬಣ್ಣ ಕೆರೆದು ಮತ್ತೆ ಬಿಗಿದೆ. ಐದು ನಿಮಿಷದ ಕೆಲಸ.

“ಏನಾಗಿತ್ತು?” ಎಂದರು ಯಜಮಾನರು.

“ಹಳೇ ವೈರು ಸಾರ್. ಸರಿಹೋಯ್ತು.”

ನಾಲ್ಕೈದು ವರ್ಷವಾದ ಮೇಲೆ ಊಟಿಯಿಂದ ಬರುವಾಗ, ಕಲ್ಲಟ್ಟಿ ಘಾಟಿನ ಬಸ್ಸಿನಲ್ಲಿ ಪಕ್ಕದ ಸೀಟಿಗೆ ಬಂದು ಕೂತವನು ಮಾದ. ಈಗ ಕಾಡಿನಲ್ಲಿ ಲಂಟಾನದ ಮುಳ್ಳುಪೊದೆ ಕಡಿಯುವ ಕೂಲಿ. ಕೈತುಂಬ ಮುಳ್ಳಿನ ಗೀರು. ಬೈಯುತ್ತಾನೆ ಎಂದುಕೊಂಡೆ. ಬೈದಿದ್ದರೆ —

“ಜೀಪು ಈಗ ಚೆನ್ನಾಗಿದೆಯಾ ಅಣ್ಣಾ?”

“ಹ್ಞೂ.”

“ನಂದೇ ಏನೋ ತಪ್ಪಿರಬೇಕು. ಎಷ್ಟು ಯೋಚನೆ ಮಾಡಿದ್ರೂ ತಿಳೀಲಿಲ್ಲ. ತಮ್ಮ ಡ್ರೈವಿಂಗ್ ಕಲೀತೀನಿ ಅಂದ, ಬೇಡ ಅಂದ್ಬಿಟ್ಟೆ. ಮೆಷಿನು ನಮ್ಮ ಜನದ ಕೈಗೆ ಬರೋದಲ್ಲ ಅಣ್ಣಾ.”

ದ್ವೇಷಿಸುತ್ತಿರಬಹುದೆಂದು ಹೆದರಿದ್ದೆ, ತನ್ನನ್ನೇ ಅನುಮಾನಿಸಿಕೊಂಡಿರುತ್ತಾನೆಂದು ಒಮ್ಮೆಯೂ ಹೊಳೆದಿರಲಿಲ್ಲ. ನನಗಿಂತ ಮೊದಲು ದೋಷ ಹಿಡಿದವನು ಅವನು! “ಅಲ್ಲ ಮಾದ —” ಎಂದೆ. ಅಷ್ಟಕ್ಕೇ ನಿಲ್ಲಿಸಿ ಕಿಟಕಿಯತ್ತ ತಿರುಗಿದೆ. ಮಸಿನಗುಡಿಗೆ ಇನ್ನೂ ಅರ್ಧ ಗಂಟೆಯ ದಾರಿಯಿತ್ತು, ಸಮಯವಿರಲಿಲ್ಲ ಎನ್ನಲಾರೆ.

ಈಗ ಯಜಮಾನರು ರೆಸಾರ್ಟ್ ಮಾರಿ ಹೋಗಿದ್ದಾರೆ. ಜೀಪು ಗುಜರಿ ಸೇರಿದೆ. ಮಾದ ಇದ್ದಾನೆ, ಅವನ ತಮ್ಮನೂ ಇದ್ದಾನೆ. ಈ ಭಾನುವಾರ ಹಾಡಿಗೆ ಹೋಗುತ್ತೇನೆ. ಎಲ್ಲರೂ ಕೇಳುವಂತೆ ಹೇಳುತ್ತೇನೆ. ಕ್ಷಮಿಸು ಎಂದು ಮಾತ್ರ ಕೇಳುವುದಿಲ್ಲ — ಕೇಳಿದರೆ ಅವನು ಕ್ಷಮಿಸಿಬಿಡುತ್ತಾನೆ.