ಕಿರೀಟ ಕೆಳಗಿಟ್ಟ ರಾಣಿ

ನನ್ನ ಮಗಳಿಗೆ ಒಂದು ಕಾರ್ಟೂನ್ ಸರಣಿಯ ಹುಚ್ಚು ಹಿಡಿದಿತ್ತು. ನೀಲಿ ಕೂದಲಿನ ರಾಜಕುಮಾರಿ, ರೆಕ್ಕೆಯಿರುವ ಕುದುರೆ, ಮಾತಾಡುವ ಬೆಟ್ಟ. ರಾಜ ರಾಣಿಯರು ಸಿಂಹಾಸನದಲ್ಲಿ ಕೂತು ಅಪ್ಪಣೆ ಕೊಡುವುದಕ್ಕಷ್ಟೇ ಇದ್ದರು. ಅವರಿಗೂ ಒಂದು ಹಿಂದಿನ ಕತೆ ಇರಬಹುದೆಂದು ನನಗೆ ಹೊಳೆದಿರಲೇ ಇಲ್ಲ.

ನಮ್ಮ ಮನೆ ನಂಜನಗೂಡಿನಲ್ಲಿ. ಅತ್ತೆ ಇರುವುದು ತಿ. ನರಸೀಪುರದಲ್ಲಿ, ನನ್ನ ಮೈದುನನ ಮನೆಯಲ್ಲಿ. ಆ ಭಾನುವಾರ ಮೈದುನನ ಸಂಸಾರ ಯಾವುದೋ ಮದುವೆಗೆ ಹೋಗಿತ್ತು. ಅತ್ತೆಗೆ ಜೊತೆಯಾಗಲೆಂದು ನಾವು ಹೋಗಿದ್ದೆವು. ಊಟವಾದ ಮೇಲೆ ನನ್ನ ಗಂಡ ಗದ್ದೆ ಕಡೆ ಹೊರಟರು. ಅತ್ತೆ ಅವರೆಕಾಯಿ ಸುಲಿಯುತ್ತ ಮೊಮ್ಮಗಳ ಪಕ್ಕ ಟಿವಿ ಮುಂದೆ ಕೂತರು. ನಾನೂ ಒಂದಿಷ್ಟು ಕಾಯಿ ಮಡಿಲಿಗೆ ಹಾಕಿಕೊಂಡೆ.

ಆವತ್ತಿನ ಕಂತಿನಲ್ಲಿ ರಾಣಿ ಇನ್ನೂ ಚಿಕ್ಕ ವಯಸ್ಸಿನವಳು. ಯುದ್ಧದಲ್ಲಿ ಹಾಳುಬಿದ್ದ ಕೋಟೆಯೊಂದರ ಬಳಿ ಅವಳಿಗೆ ಅಳು ಕೇಳಿಸುತ್ತದೆ. ಮರದ ಪೊಟರೆಯಲ್ಲಿ ನೀಲಿ ಕೂದಲಿನ ಕೂಸು. ಸೆರಗಿನಲ್ಲಿ ಸುತ್ತಿ ಅರಮನೆಗೆ ತರುತ್ತಾಳೆ.

ನನ್ನ ಕೈ ನಿಂತುಹೋಯಿತು. ನನ್ನ ಮಗಳು ಕೈಕೂಸಾಗಿದ್ದಾಗ ನಾವು ಅವಳನ್ನು ಮೈಸೂರಿನಿಂದ ದತ್ತು ತಂದದ್ದು. ಹೇಳಬೇಕು, ಹೇಳಲೇಬೇಕು ಎಂದು ಪ್ರತಿ ಬೇಸಿಗೆ ರಜೆಯಲ್ಲೂ ಗಂಡ ಹೆಂಡತಿ ಮಾತಾಡಿಕೊಂಡು, ಮುಂದಿನ ರಜೆಗೆ ದಾಟಿಸುತ್ತಿದ್ದೆವು. ಅವಳು ಎಲ್ಲಿ ದೂರವಾಗುತ್ತಾಳೋ ಎಂಬ ಹೆದರಿಕೆ.

ಪರದೆಯ ಮೇಲೆ ಆಸ್ಥಾನದ ಮುದುಕನೊಬ್ಬ ಎದ್ದು, ಯಾರ ರಕ್ತವೋ ಏನೋ, ಈ ಕೂಸು ನಮ್ಮ ವಂಶದ್ದಾಗುವುದಿಲ್ಲ ಎಂದ. ಹೆಚ್ಚೂಕಡಿಮೆ ಇದೇ ಮಾತನ್ನು ಅತ್ತೆ ನಮಗೂ ಹೇಳಿದ್ದರು. ಹೇಳಿ, ಎಷ್ಟೋ ದಿನ ನಮ್ಮ ಹೊಸ್ತಿಲು ತುಳಿದಿರಲಿಲ್ಲ. ನಾನು ರಿಮೋಟ್ ಹುಡುಕತೊಡಗಿದೆ. ಅಷ್ಟರಲ್ಲಿ ರಾಣಿ ತನ್ನ ಕಿರೀಟ ತೆಗೆದು ನೆಲದ ಮೇಲಿಟ್ಟಳು. ರಾಜ ಸ್ವಲ್ಪ ಹೊತ್ತು ಅವಳನ್ನೇ ನೋಡಿ, ತನ್ನದನ್ನೂ ಪಕ್ಕದಲ್ಲಿಟ್ಟ.

ಮಗಳು ಅಜ್ಜಿಯ ಕಡೆ ತಿರುಗಿದಳು. "ಅಜ್ಜಿ, ನೀನೂ ಆ ತಾತನ ತರಾನೇ ಅಂದಿದ್ದೆ ಅಲ್ವಾ?"

ಅತ್ತೆ ಕಾಯಿಯಿಂದ ಕಣ್ಣು ಎತ್ತಲಿಲ್ಲ. "ಊಂ ಕಣವ್ವ, ಅಂದಿದ್ದೆ. ಆಗ ನಂಗೆ ಬುದ್ಧಿ ಇರ್ನಿಲ್ಲ. ನಿಂಗೆ ಜ್ವರ ಅಂತ ಕೇಳಿ ಓಡ್ಬಂದೆ. ಎತ್ಕೊಂಡ ಮ್ಯಾಕೆ ಬಿಟ್ಟು ಓಗಕ್ಕೆ ಮನಸ್ಸೇ ಬರ್ನಿಲ್ಲ."

ನಾನು ಇಬ್ಬರ ಮುಖವನ್ನೂ ನೋಡಿದೆ. ಆಮೇಲೆ ಅತ್ತೆಯೇ ಬಿಡಿಸಿ ಹೇಳಿದರು. ಹಿಂದಿನ ಬೇಸಿಗೆಯಲ್ಲಿ ಮಗಳು ಇಲ್ಲಿದ್ದಾಗ ಅವಳ ಚಿಕ್ಕಮ್ಮನ ಸೀಮಂತದ ಆಲ್ಬಂ ನೋಡಿ, ಅಮ್ಮನ ಇಂಥ ಫೋಟೋ ಎಲ್ಲಿ ಎಂದು ಕೇಳಿದ್ದಳಂತೆ. ಸುಳ್ಳು ಹೇಳಲು ಅತ್ತೆಗೆ ಬಾಯಿ ಬರಲಿಲ್ಲ. ತಾವು ಆಡಿದ ಮಾತನ್ನೂ ಮುಚ್ಚಿಡದೆ ಎಲ್ಲ ಹೇಳಿಬಿಟ್ಟಿದ್ದರು. ಮಗಳು ಎರಡು ದಿನ ಸಪ್ಪಗಿದ್ದು, ಮೂರನೆಯ ದಿನ ಎಂದಿನಂತೆ ಹೊಳೆಗೆ ಹೋಗೋಣ ಎಂದು ಹಟ ಹಿಡಿದಳಂತೆ.

ಮತ್ತೆ ನನಗ್ಯಾಕೆ ಹೇಳಲಿಲ್ಲ ಎಂದು ಮಗಳನ್ನು ಕೇಳಿದೆ.

"ನೀನು ಅಳ್ತೀಯ ಅಂತ. ಅಜ್ಜೀಗೂ ನಾನೇ ಹೇಳ್ಬೇಡ ಅಂದಿದ್ದೆ."

ಇಷ್ಟು ವರ್ಷ ನಾನು ಅವಳನ್ನು ಕಾಪಾಡುತ್ತಿದ್ದೇನೆಂದುಕೊಂಡಿದ್ದರೆ, ಅವಳು ನನ್ನನ್ನು ಕಾಪಾಡುತ್ತಿದ್ದಳು. ಅಳು ಬರಲಿಲ್ಲ, ನಗು ಬಂತು. ಅತ್ತೆ ಮೊರವನ್ನು ಪಕ್ಕಕ್ಕೆ ಸರಿಸಿ, ಕಾಫಿ ಕಾಯಿಸುತ್ತೇನೆಂದು ಒಳಗೆ ಹೋದರು.

ಗದ್ದೆಯಿಂದ ಬಂದ ಗಂಡನಿಗೆ ನಡೆದದ್ದನ್ನೆಲ್ಲ ಹೇಳಿದೆ. ಸಂಜೆ ಬಸ್ಸಿನಲ್ಲಿ ಮಗಳು ನಮ್ಮಿಬ್ಬರ ನಡುವೆ ಕೂತು ಒಂದೊಂದೇ ಕೇಳಿದಳು. ಅವತ್ತು ಮಳೆ ಇತ್ತಾ, ಮೊದಲು ಯಾರು ಎತ್ತಿಕೊಂಡರು, ನಾನು ಯಾವ ಬಟ್ಟೆ ಹಾಕಿದ್ದೆ. ನನಗೆ ಮರೆತದ್ದನ್ನು ಅವಳ ಅಪ್ಪ ಹೇಳಿದರು. ಹಳದಿ ಟೋಪಿ ಅವಳ ಕಣ್ಣಿನವರೆಗೂ ಜಾರುತ್ತಿತ್ತು ಎಂಬುದು ಅವರಿಗೆ ನೆನಪಿತ್ತು. ಕೇಳುತ್ತ ಕೇಳುತ್ತಲೇ ಅವಳು ನನ್ನ ತೋಳಿಗೆ ಒರಗಿ ನಿದ್ದೆಹೋದಳು. ನಂಜನಗೂಡಿನಲ್ಲಿ ಇಳಿಯುವ ಹೊತ್ತಿಗೆ, ನಾಳೆ ಅವಳ ಡಬ್ಬಿಗೆ ಏನು ಹಾಕಲಿ ಎಂಬುದೊಂದು ಬಿಟ್ಟರೆ ನನ್ನ ತಲೆಯಲ್ಲಿ ಬೇರೆ ಯೋಚನೆ ಇರಲಿಲ್ಲ.