ವಾಮದೇವಪ್ಪ ಮೇಷ್ಟ್ರ ರೋಬೋ ಕ್ಲಾಸು

ವಿದ್ಯಾನಗರದ ಖಾಸಗಿ ಪ್ರೌಢಶಾಲೆಯೊಂದರಲ್ಲಿ ವಿಜ್ಞಾನ ಹೇಳಿಕೊಡುತ್ತಿದ್ದ ವಾಮದೇವಪ್ಪನವರಿಗೆ ಶಾಲೆ ಬಿಟ್ಟ ಮೇಲೆ ಮನೆಗೆ ಹೋಗುವ ಅವಸರ ಎಂದೂ ಇರಲಿಲ್ಲ. ಪ್ರಯೋಗಾಲಯದ ಮೂಲೆಯಲ್ಲಿ ಮಕ್ಕಳನ್ನು ಕೂರಿಸಿಕೊಂಡು ಹಳೇ ಟೇಪ್‌ರೆಕಾರ್ಡರಿನ ಮೋಟಾರು, ಡಾಲ್ಡಾ ಡಬ್ಬ, ಆಟಿಕೆಯ ಗಾಲಿಗಳಿಂದ ನಡೆದಾಡುವ ಬೊಂಬೆ ಮಾಡಿಸುತ್ತಿದ್ದರು. ಮಕ್ಕಳು ಅದನ್ನು ರೋಬೋ ಎನ್ನುತ್ತಿದ್ದರು. ವಸ್ತುಪ್ರದರ್ಶನದಲ್ಲಿ ಬಹುಮಾನ ಬಂದಾಗ ಮಾತ್ರ ಮುಖ್ಯೋಪಾಧ್ಯಾಯ ಪಾಲಯ್ಯನವರು ಬಂದು ಫೋಟೊಗೆ ನಿಲ್ಲುತ್ತಿದ್ದರು.

1998ರ ಜೂನ್‌ನಲ್ಲಿ ಪಾಲಯ್ಯನವರು ರೋಬೋ ಮಾಡುವುದನ್ನು ಒಂಬತ್ತನೇ ತರಗತಿಯ ಪಾಠವನ್ನಾಗಿ ಮಾಡಿದರು. ಅಂಕಪಟ್ಟಿಯಲ್ಲಿ ಕಾರ್ಯಾನುಭವದ ಸಾಲಿನಲ್ಲಿ ಇನ್ನು ಇದರದೇ ಗ್ರೇಡು. ಮಕ್ಕಳು ಹೆಚ್ಚಾದ್ದರಿಂದ ಎರಡು ತಂಡವಾಯಿತು. ಎರಡನೆಯದನ್ನು ಹರಿಹರದಿಂದ ದಿನಾ ಬಸ್ಸಿಗೆ ಬರುತ್ತಿದ್ದ ಹೊಸ ಶಿಕ್ಷಕಿ ಪ್ರೇಮಲತಾಗೆ ವಹಿಸಿ, ಮುಂದಿನ ವರ್ಷ ಇಬ್ಬರಲ್ಲಿ ಒಬ್ಬರಿಗೇ ಕ್ಲಾಸು ಎಂದರು.

ವಾಮದೇವಪ್ಪನವರ ನಿಯಮ ಸರಳವಾಗಿತ್ತು. ಪರೀಕ್ಷೆಯ ದಿನ ಗುಂಡಿ ಒತ್ತಿದ ಮೊದಲ ಸಲಕ್ಕೇ ಯಂತ್ರ ಓಡಿದರೆ ಎ, ಓಡದಿದ್ದರೆ ಇಡೀ ತಂಡಕ್ಕೆ ಸಿ. ಪ್ರೇಮಲತಾ ಓಡದ ಯಂತ್ರಕ್ಕೂ ಎ ಕೊಡುತ್ತಿದ್ದರು, ಯಾಕೆ ಓಡಲಿಲ್ಲ ಎಂದು ಮಕ್ಕಳು ಕಂಡುಹಿಡಿದರೆ ಸಾಕು. ಅವರ ಮೇಜಿನ ಮೇಲೆ ವೈರು ಸುಟ್ಟು ಹೊಗೆ ಎದ್ದರೆ ನಗು ಏಳುತ್ತಿತ್ತು. ಆ ನಗುವನ್ನು ವಾಮದೇವಪ್ಪನವರಿಗೆ ಸಹಿಸಲಾಗುತ್ತಿರಲಿಲ್ಲ. ಪ್ರೇಮಲತಾರ ತಂಡದವರು ವೈರು ಬೆಸೆಯುವ ಸಾಲ್ಡರಿಂಗ್ ಕಡ್ಡಿ ಕೇಳಿ ಬಂದರೆ, "ಈಗ ಬಿಸಿ ಐತೆ, ಆಮ್ಯಾಲೆ ಬರ್ರಿ" ಎಂದು ಕಳಿಸುತ್ತಿದ್ದರು. ಕಡ್ಡಿ ಆರಿದ ಮೇಲೆ ಕೊಡುತ್ತಿದ್ದರು.

ಮನೆಯಲ್ಲೂ ಪ್ರೇಮಲತಾರದೇ ಮಾತು. ಕೊನೆಗೆ ಹೆಂಡತಿ ಸರ್ವಮಂಗಳಮ್ಮ ರೊಟ್ಟಿ ಬಡಿಯುವುದನ್ನು ನಿಲ್ಲಿಸಿ ಕೇಳಿದರು: "ಮದುವಿ ಆದಾಗಿಂದ ನನ್ನ ಹೆಸರು ಹಿಡಿದು ಕರೆದಿಲ್ಲ ನೀವು. ಆಕಿ ಹೆಸರು ಒಂದು ಊಟದಾಗ ಎಷ್ಟು ಸಲ ಬಂತು ಗೊತ್ತೇನ್ರಿ?"

"ಹುಡುಗ್ರನ್ನ ಕೆಡಿಸ್ತಾಳ ಅಂತ ಹೇಳಿದೆ, ಅಷ್ಟೆ."

"ಹುಡುಗ್ರು ಕೆಟ್ಟಾರೋ ಇಲ್ವೋ, ನಿಮ್ಮ ನಿದ್ದಿ ಅಂತೂ ಕೆಟ್ಟೈತೆ."

ಮಾರ್ಚ್‌ನಲ್ಲಿ ಪರೀಕ್ಷೆ ಬಂತು. ಯಂತ್ರವನ್ನು ಪೂಜೆ ಮಾಡದೆ ಚಾಲೂ ಮಾಡುವ ಪದ್ಧತಿ ಈ ಊರಲ್ಲಿಲ್ಲ. ಪ್ರೇಮಲತಾರ ಮಕ್ಕಳು ತಮ್ಮ ರೋಬೋಗೆ ಸೇವಂತಿಗೆ ಹಾರ ಹಾಕಿ, ಗಾಲಿಯ ಮುಂದೆ ನಿಂಬೆಹಣ್ಣು ಇಟ್ಟಿದ್ದರು. ಪಾಲಯ್ಯನವರು "ಮದುಮಗನಂಗೆ ಕಾಣ್ತಾನ್ರಿ" ಎಂದು ಮೆಚ್ಚಿದರು. ವಾಮದೇವಪ್ಪನವರಿಗೆ ಅಷ್ಟು ಸಾಕಾಯಿತು. ವಿಭೂತಿ ಗಟ್ಟಿ ತರಿಸಿ, ನೀರಿನಲ್ಲಿ ತೇಯ್ದು, ತಮ್ಮ ರೋಬೋದ ಹಣೆಗೆ ಮೂರು ಬೆರಳಿನಿಂದ ದಪ್ಪಗೆ ಎಳೆದರು. ಚಾಲೂ ಮಾಡುವ ಗುಂಡಿ ಹಣೆಯಲ್ಲೇ ಇತ್ತು: ಒಂದರ ಮೇಲೊಂದು ತಾಗುವ ಎರಡು ತಾಮ್ರದ ಪಟ್ಟಿ. ವಿಭೂತಿ ಅವುಗಳ ನಡುವೆ ಇಳಿದು ಒಣಗಿತು.

ಪ್ರೇಮಲತಾರ ಯಂತ್ರ ನಿಂಬೆಹಣ್ಣನ್ನು ಅಪ್ಪಚ್ಚಿ ಮಾಡಿ ಮೇಜಿನ ಆ ತುದಿ ಮುಟ್ಟಿತು. ವಾಮದೇವಪ್ಪನವರ ತಂಡದ ಸ್ನೇಹಾ ತಮ್ಮದರ ಹಣೆ ಒತ್ತಿದಳು. ಅದು ಅಲುಗಲಿಲ್ಲ. ಅವಳು ಬಗ್ಗಿ ನೋಡಿ, ಉಗುರಿನಿಂದ ಪಟ್ಟಿ ಕೆರೆದು, ಬೆರಳು ಲಂಗಕ್ಕೆ ಒರೆಸಿ ಮತ್ತೆ ಒತ್ತಿದಳು. ಈ ಸಲ ಓಡಿತು.

"ವಿಭೂತಿ ಅಡ್ಡ ಬಂದಿತ್ತು ಸರ್. ಕರೆಂಟ್ ದಾಟಲಿಲ್ಲ."

ಪ್ರೇಮಲತಾ ಚಪ್ಪಾಳೆ ತಟ್ಟಿದರು. "ಸರ್, ಈ ಹುಡುಗಿಗೆ ಎ ಕೊಡ್ರಿ."

ಅವರು ಬಾಯಿ ಬಿಡದಿದ್ದರೆ ವಾಮದೇವಪ್ಪನವರು ಕೊಡುತ್ತಿದ್ದರೋ ಏನೋ. "ನನ್ನ ತಂಡಕ್ಕೆ ನನ್ನ ರೂಲು" ಎಂದು ಎಲ್ಲರಿಗೂ ಸಿ ಬರೆದರು.

"ಹಚ್ಚಿದ್ದು ನೀವಲ್ಲೇನ್ರಿ ಸರ್?" ಎಂದಳು ಸ್ನೇಹಾ. ಅವಳ ದನಿಯಲ್ಲಿ ಸಿಟ್ಟಿರಲಿಲ್ಲ.

ಅಂಕಪಟ್ಟಿ ಹಂಚುವ ಹಿಂದಿನ ದಿನ ವಾಮದೇವಪ್ಪನವರು ಪಾಲಯ್ಯನವರ ಕೋಣೆಗೆ ಹೋದರು. ಕುರ್ಚಿ ತೋರಿಸಿದರೂ ಕೂರಲಿಲ್ಲ.

"ಸ್ನೇಹಾಗೆ ಎ ಮಾಡ್ರಿ. ಉಳಿದವರಿಗೆ ಬಿ ಇರ್ಲಿ. ತಪ್ಪು ಅವರದಲ್ಲ."

"ಅಂದ್ರೆ ಪ್ರೇಮಲತಾ ಮೇಡಂ ಹೇಳಿದ್ದೇ ಸರಿ ಅಂದಂಗಾತಲ್ರಿ?"

"ಹಂಗೇನಿಲ್ಲ."

"ಮತ್ತ ಹೆಂಗೆ? ಓಡದ ಯಂತ್ರಕ್ಕ ನೀವೇ ಎ ಕೊಟ್ಟ ಮ್ಯಾಲೆ ಮುಂದಿನ ವರ್ಷ ಕ್ಲಾಸು ಅವರಿಗೇ ಕೊಡಬೇಕಾಗ್ತೈತೆ. ವಿಚಾರ ಮಾಡ್ರಿ ಸರ್."

ವಾಮದೇವಪ್ಪನವರು "ಎ ಮಾಡ್ರಿ" ಎಂದರು. ಬಾಗಿಲ ತನಕ ಹೋದವರು ತಿರುಗಿ ಬಂದರು. "ಆದ್ರ ಆಕಿ ಹೇಳಿದ್ಲು ಅಂತ ಮಾಡಿದ್ದಲ್ಲ. ಅದನ್ನ ಆಕಿಗೂ ಹೇಳ್ರಿ."

ಜೂನ್‌ನಿಂದ ರೋಬೋ ಕ್ಲಾಸು ಪ್ರೇಮಲತಾ ಅವರದು. ಅದೇ ಪೀರಿಯಡ್ಡಿನಲ್ಲಿ ವಾಮದೇವಪ್ಪನವರಿಗೆ ಪಕ್ಕದ ಕೋಣೆಯಲ್ಲಿ ಎಂಟನೇ ತರಗತಿಯ ಗಣಿತ. ಗೋಡೆಯಾಚೆ ನಗು ಎದ್ದರೆ ಬೋರ್ಡಿನ ಮೇಲಿನ ಸೀಮೆಸುಣ್ಣ ನಿಲ್ಲುತ್ತದೆ. ಏನು ಸುಟ್ಟಿತು, ಮೋಟಾರೋ ವೈರೋ ಎಂದು ವಾಸನೆಯಲ್ಲೇ ಅವರಿಗೆ ಗೊತ್ತಾಗುತ್ತದೆ. ಹೋಗಿ ಹೇಳುವುದಿಲ್ಲ. ಮುಂದಿನ ಬೆಂಚಿನ ಹುಡುಗರಿಗೆ ಕಿಟಕಿ ಹಾಕಲು ಹೇಳುತ್ತಾರೆ.